ಇನ್ನೂ ಇದ್ದೀರಾ?

ಒಂದು ಕಂಪ್ಯೂಟರಿಗೆ ಒಬ್ಬ ಮನುಷ್ಯ ಇದ್ದರೆ ಅದು ಕೆಲಸ. ಒಂದು ಕಂಪ್ಯೂಟರಿಗೆ ಐದು ಜನ ಇದ್ದರೆ ಅದು ತಮಾಷೆ. ಇಂಥದ್ದನ್ನು ನಾನು ಹುಡುಕಿಕೊಂಡು ಹೋದವನಲ್ಲ. ಅದೇ ನನ್ನ ಮೇಜಿನ ತನಕ ಬರುತ್ತದೆ. ಬಾಗಿಲು ಕೂಡ ತಟ್ಟುವುದಿಲ್ಲ.

ನಾನಿರುವುದು ಜರ್ಮನಿಯ ಎರ್ಲಾಂಗೆನ್‌ನಲ್ಲಿ. ಬಂದು ಬಹಳ ಕಾಲವಾಯಿತು. ವಾಲ್ವು, ಪಂಪುಗಳನ್ನು ಪರೀಕ್ಷಿಸುವ ಒಂದು ದೊಡ್ಡ ಹಾಲ್‌ನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಮುಂದಿನ ವರ್ಷ ನಿವೃತ್ತಿ. ಮಾತು ಕಡಿಮೆ. ಮಾತಿನ ಪಾಲನ್ನೆಲ್ಲ ಮನೆಯಲ್ಲಿ ಹೆಂಡತಿ ವಹಿಸಿಕೊಂಡಿದ್ದಾಳೆ.

ಹೋದ ವರ್ಷ ನಡೆದದ್ದನ್ನು ಬರೆಯುತ್ತೇನೆ.

ಮದುಮಗನ ಸಹಿ

ನಮ್ಮ ಹಾಲ್‌ನಲ್ಲಿ ಎಲ್ಲರಿಗೂ ಸೇರಿ ಕೆಲವೇ ಕಂಪ್ಯೂಟರುಗಳು. ಬಂದವರು ತಮ್ಮ ಹೆಸರಿನಲ್ಲಿ ಲಾಗಿನ್ ಆಗಬೇಕು. ಪರೀಕ್ಷೆಯ ಫಲಿತಾಂಶ ತುಂಬಬೇಕು. ಲಾಗಾಫ್ ಆಗಿ ಏಳಬೇಕು. ಮೊದಲಿನ ಎರಡನ್ನು ಎಲ್ಲರೂ ಮಾಡುತ್ತಿದ್ದರು. ಮೂರನೆಯದನ್ನು ಯಾರೂ ಮಾಡುತ್ತಿರಲಿಲ್ಲ. ಮೊದಲು ಬಂದವನ ಹೆಸರಿನಲ್ಲೇ ಉಳಿದವರ ಕೆಲಸವೂ ನಡೆದುಹೋಗುತ್ತಿತ್ತು.

ಮೈಸೂರಿನ ಒಬ್ಬ ಹುಡುಗ ನಮ್ಮಲ್ಲಿ ಎಂಜಿನಿಯರ್. ಮದುವೆಗೆಂದು ಊರಿಗೆ ಹೋದ. ಹೋಗುವ ಸಂಭ್ರಮದಲ್ಲಿ ಲಾಗಾಫ್ ಮರೆತ. ಅವನು ವಿಮಾನ ಹತ್ತಿದ. ಅವನ ಹೆಸರು ಹಾಲ್‌ನಲ್ಲೇ ಉಳಿಯಿತು. ಎಲ್ಲರೂ ಅದನ್ನೇ ಬಳಸಿದರು.

ಆಗಲೇ ವರ್ಷದ ಆಡಿಟ್ ಬಂತು. ಪರೀಕ್ಷೆ ಮಾಡಲು ನಮಗೆ ಮಾನ್ಯತೆ ಕೊಡುವ ಸಂಸ್ಥೆಯಿಂದ ಒಬ್ಬ ಆಡಿಟರ್ ಬರುತ್ತಾರೆ. ಹೆಂಗಸು, ತೆಳ್ಳಗೆ, ನಗುವುದಿಲ್ಲ. ಆಕೆ ಒಂದು ಪರದೆಯ ಮುಂದೆ ನಿಂತು ಕೇಳಿದರು:

"ಈ ವಾಲ್ವಿನ ಪರೀಕ್ಷೆಗೆ ಈಗ ತಾನೇ ಸಹಿ ಮಾಡಿದವರು ಯಾರು? ಅವರ ಜೊತೆ ಮಾತಾಡಬೇಕು."

ಹಾಲ್‌ನ ಮುಖ್ಯಸ್ಥ ಹೆಸರು ನೋಡಿದ. ಬೆವರಿದ. ಸುಳ್ಳು ಹೇಳಲು ಬಾರದ ಮನುಷ್ಯ. ಬೇರೆ ದಾರಿ ಕಾಣದೆ ವಿಡಿಯೋ ಕಾಲ್ ಮಾಡಿದ.

ಅಲ್ಲಿ ಮೈಸೂರಿನಲ್ಲಿ ಆರತಕ್ಷತೆ. ಹುಡುಗ ಜರಿ ಪೇಟ ಧರಿಸಿ ವೇದಿಕೆಯ ಮೇಲೆ ನಿಂತಿದ್ದ. ಹಿಂದೆ ವಾಲಗ. ಮುಂದೆ ಉಡುಗೊರೆ ಹಿಡಿದ ಜನರ ಸಾಲು. ಜರ್ಮನಿಯಿಂದ ಬಾಸ್ ಶುಭ ಹಾರೈಸಲು ಕರೆದಿದ್ದಾನೆ ಎಂದುಕೊಂಡ.

"ಥ್ಯಾಂಕ್ಯೂ ಸರ್! ಥ್ಯಾಂಕ್ಯೂ ಮೇಡಂ! ನೋಡಿ, ಇವಳೇ!" ಎಂದು ಹೆಂಡತಿಯನ್ನು ಪರದೆಯ ಮುಂದೆ ಎಳೆದ.

ಆಡಿಟರ್ ಶುಭ ಹಾರೈಸಿದರು. ಫೋನ್ ಹಿಂದಿರುಗಿಸಿದರು.

"ಮದುವೆಯ ವೇದಿಕೆಯಿಂದಲೇ ಒತ್ತಡದ ಪರೀಕ್ಷೆ ಮುಗಿಸಿದ್ದಾರೆ. ತುಂಬ ಶ್ರದ್ಧೆಯ ನೌಕರರು," ಎಂದರು.

ಆಮೇಲೆ ತೀರ್ಪು ಕೊಟ್ಟರು. ಒಂದು ವರ್ಷದ ಗಡುವು. ಮುಂದಿನ ಸಲ ಖಾಲಿ ಕುರ್ಚಿಯ ಮುಂದೆ ಒಂದೇ ಒಂದು ಕಂಪ್ಯೂಟರ್ ಯಾರದಾದರೂ ಹೆಸರಿನಲ್ಲಿ ತೆರೆದಿದ್ದರೂ ಮಾನ್ಯತೆ ರದ್ದು. ಮಾನ್ಯತೆ ಹೋದರೆ ಹಾಲ್ ಮುಚ್ಚುತ್ತದೆ. ಕೆಲಸವೆಲ್ಲ ದೂರದ ಕಲೋನ್ ನಗರದ ಕಡೆಯ ಇನ್ನೊಂದು ಹಾಲ್‌ಗೆ ಹೋಗುತ್ತದೆ. ಇಲ್ಲಿ ಮನೆ ಕಟ್ಟಿದವರು, ಮಕ್ಕಳನ್ನು ಶಾಲೆಗೆ ಹಾಕಿದವರು ಇದ್ದರು. ನಮ್ಮ ಕಡೆಯ ಇಬ್ಬರು ಹುಡುಗರ ವೀಸಾ ಈ ಕೆಲಸಕ್ಕೇ ಅಂಟಿಕೊಂಡಿತ್ತು.

ಮುಖ್ಯಸ್ಥ ನನ್ನ ಕಡೆ ನೋಡಿದ. "ನೀವೇ ಏನಾದರೂ ಮಾಡಬೇಕು."

"ಮಾಡುತ್ತೇನೆ," ಎಂದೆ.

ಹುಡುಗ ರಜೆ ಮುಗಿಸಿ ಬಂದ. ಅಂದಿನಿಂದ ಹಾಲ್‌ನಲ್ಲಿ ಅವನ ಹೆಸರು ಮದುಮಗ. ಈ ಕಥೆ ತಿಳಿದ ದಿನವೇ ಅವನ ಹೆಂಡತಿ ಕೇಳಿದಳಂತೆ: "ಆರತಕ್ಷತೆಯಲ್ಲಿ ನನ್ನ ಪಕ್ಕ ನಿಂತಿದ್ದವರು ನೀವೇ ತಾನೆ?"

ಹೌದು ಅಂದೆನಲ್ಲ

ನಾನು ಮಾಡಿದ್ದು ಸಣ್ಣ ಕೆಲಸ. ಐದು ನಿಮಿಷ ಯಾರೂ ಮೌಸ್, ಕೀಲಿಮಣೆ ಮುಟ್ಟದಿದ್ದರೆ ಕಂಪ್ಯೂಟರ್ ತಾನೇ ಲಾಗಾಫ್ ಮಾಡುತ್ತದೆ. ಅದಕ್ಕೆ ಮೊದಲು ಪರದೆಯ ಮೇಲೆ ಒಂದು ಸೂಚನೆ ಬರುತ್ತದೆ.

ಸೂಚನೆಯಲ್ಲಿ ಮೊದಲು "ನೀವು ಏನೂ ಮಾಡುತ್ತಿಲ್ಲ" ಎಂದು ಬರೆದಿದ್ದೆ. ಬೆಟ್ರೀಬ್ಸ್‌ರಾಟ್ ಒಪ್ಪಲಿಲ್ಲ. ಅದು ನೌಕರರ ಪರವಾಗಿ ಮಾತಾಡುವ ಮಂಡಳಿ. ಇಲ್ಲಿ ಅದರ ಒಪ್ಪಿಗೆ ಇಲ್ಲದೆ ಕುರ್ಚಿಯನ್ನೂ ಸರಿಸುವಂತಿಲ್ಲ. ಅದರ ಅಧ್ಯಕ್ಷೆ ನಮ್ಮ ಹಾಲ್‌ನವರೇ. ಗಟ್ಟಿ ಹೆಂಗಸು.

"ನೌಕರ ಏನೂ ಮಾಡುತ್ತಿಲ್ಲ ಎಂದು ಯಂತ್ರ ಹೇಳುವುದೆ? ಅವನು ಯೋಚಿಸುತ್ತಿರಬಹುದು," ಎಂದರು.

ನ್ಯಾಯ. ನನಗೂ ಆ ಅನುಭವ ಇದೆ. ವಾಕ್ಯ ಬದಲಿಸಿದೆ. "ಇನ್ನೂ ಇದ್ದೀರಾ?" ಎಂದು ಜರ್ಮನ್‌ನಲ್ಲಿ ಬರೆದೆ. ಆ ಮಾತು ನನಗೆ ಎಲ್ಲಿಂದ ಹೊಳೆಯಿತು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಂಡಳಿ ಒಪ್ಪಿತು. ಆದರೆ ಪ್ರಯೋಗಕ್ಕೆ ಮಾತ್ರ. ದೂರು ಹೆಚ್ಚಾದರೆ ನಿಯಮ ವಾಪಸ್.

ಮೊದಲ ದೂರು ಮೊದಲ ದಿನವೇ ಬಂತು. ಹಾಲ್‌ನಲ್ಲಿ ಒಬ್ಬ ಹಿರಿಯ ತಂತ್ರಜ್ಞ. ಇಲ್ಲೇ ಸುತ್ತಲಿನ ಫ್ರಾಂಕೋನಿಯಾ ಸೀಮೆಯ ಹಳ್ಳಿಯವನು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ನನ್ನ ಕೋಣೆಗೆ ನುಗ್ಗಿದ.

"ನಿಮ್ಮ ಯಂತ್ರಕ್ಕೆ ಮರ್ಯಾದೆ ಇಲ್ಲ. ಇದ್ದೀರಾ ಅಂತ ಕೇಳುತ್ತದೆ. ಇದ್ದೇನೆ ಅಂದರೂ ಹೊರಗೆ ಹಾಕುತ್ತದೆ."

"ಮೌಸ್ ಅಲ್ಲಾಡಿಸಿದಿರಾ?"

"ಯಾಕೆ ಅಲ್ಲಾಡಿಸಲಿ? ಹೌದು ಅಂದೆನಲ್ಲ!"

ಹೋಗಿ ನೋಡಿದೆ. ಅವನು ಹತ್ತು ಹೆಜ್ಜೆ ಆಚೆ ಪಂಪ್ ಬಿಚ್ಚುತ್ತಿದ್ದ. ಪರದೆಯಲ್ಲಿ ಪ್ರಶ್ನೆ ಬಂತು. ಅವನು ಸ್ಪ್ಯಾನರ್ ಎತ್ತಿ ಹಾಲ್ ನಡುಗುವಂತೆ "ಯಾ!" ಎಂದು ಕೂಗಿದ. ಜರ್ಮನ್ನರ ಹೌದು ಅದು. ಕಂಪ್ಯೂಟರ್ ಲಾಗಾಫ್ ಆಯಿತು.

"ನೋಡಿದಿರಾ?" ಎಂದ. "ಕಿವಿ ಕೇಳಿಸುವುದಿಲ್ಲ. ಹೊಸದು ತರಿಸಿ."

ಶಿರಾ

ಇಲ್ಲಿನ ಕಚೇರಿಗಳಲ್ಲಿ ಒಂದು ಪದ್ಧತಿ ಇದೆ. ಕಂಪ್ಯೂಟರ್ ತೆರೆದಿಟ್ಟು ಯಾರಾದರೂ ಎದ್ದುಹೋದರೆ, ಪಕ್ಕದವರು ಅದರಲ್ಲೇ ಕೂತು ಅವರ ಹೆಸರಿನಿಂದ ಎಲ್ಲರಿಗೂ ಮೇಲ್ ಕಳಿಸುತ್ತಾರೆ. "ನಾಳೆ ನಾನು ಎಲ್ಲರಿಗೂ ಕೇಕ್ ತರುತ್ತೇನೆ." ಮೇಲ್ ಹೋದ ಮೇಲೆ ಕೇಕ್ ತರಲೇಬೇಕು. ಬುದ್ಧಿ ಕಲಿಸುವ ಉಪಾಯ. ನಮ್ಮ ಹಾಲ್‌ನಲ್ಲಿ ಯಾರಿಗೂ ಬುದ್ಧಿ ಬಂದಿರಲಿಲ್ಲ. ತೂಕ ಬಂದಿತ್ತು.

ನನ್ನ ನಿಯಮ ಬರುವ ಮೊದಲೇ ಹುಬ್ಬಳ್ಳಿಯ ಹುಡುಗನೊಬ್ಬ ಹೊಸದಾಗಿ ಸೇರಿದ್ದ. ಮೊದಲ ವಾರವೇ ಅವನ ಹೆಸರಿನಿಂದ ಮೇಲ್ ಹೋಯಿತು. ಪದ್ಧತಿ ಅವನಿಗೆ ಗೊತ್ತಿರಲಿಲ್ಲ. ತಾನೇ ನಿದ್ದೆಗಣ್ಣಲ್ಲಿ ಬರೆದಿರಬೇಕು ಎಂದುಕೊಂಡ. ನನ್ನ ಬಳಿ ಬಂದ.

"ಸರ್, ಕೇಕ್ ಮಾಡಾಕ ಬರಂಗಿಲ್ರಿ ನನಗ. ಶಿರಾ ನಡೀತದೇನ್ರಿ?"

"ಕೇಸರಿಬಾತಾ?"

"ಶಿರಾ ರೀ."

"ನಡೆಯುತ್ತೆ."

ಮರುದಿನ ಸೈಕಲ್ ಕ್ಯಾರಿಯರ್‌ಗೆ ದೊಡ್ಡ ಪಾತ್ರೆ ಕಟ್ಟಿಕೊಂಡು ಬಂದ. ತುಪ್ಪ, ದ್ರಾಕ್ಷಿ, ಗೋಡಂಬಿ, ಬಿಸಿ. ಹಾಲ್ ಸ್ತಬ್ಧವಾಯಿತು. ಹಿರಿಯ ತಂತ್ರಜ್ಞ ಮೂರು ಸಲ ಹಾಕಿಸಿಕೊಂಡ. ಅಧ್ಯಕ್ಷೆ ಪಾತ್ರೆಯ ತಳ ಕೆರೆದರು.

ಅಲ್ಲಿಂದ ಅವನಿಗೆ ಎದ್ದುಹೋಗುವುದೇ ಕಷ್ಟವಾಯಿತು. ಅವನು ಶೌಚಾಲಯದ ಕಡೆ ಹೊರಟರೆ ನಾಲ್ಕು ಜನ ಅವನ ಕುರ್ಚಿಯ ಕಡೆ ಓಡುತ್ತಿದ್ದರು. ವಾರವಾರವೂ ಶಿರಾ. ರವೆ ಮಾರುವ ಇಂಡಿಯನ್ ಅಂಗಡಿಯವನು "ಎಲ್ಲಿ ಕಟ್ಟುತ್ತಿದ್ದೀರಿ ದೇವಸ್ಥಾನ?" ಎಂದು ಕೇಳಿದನಂತೆ.

ನನ್ನ ನಿಯಮ ಬಂತು. ಶಿರಾ ನಿಂತಿತು. ಎರಡನೆಯ ದೂರು ಅಧ್ಯಕ್ಷೆಯಿಂದಲೇ ಬಂತು. ಸಹೋದ್ಯೋಗಿಗಳ ನಡುವಿನ ಬಾಂಧವ್ಯ ಕಡಿಮೆಯಾಗಿದೆ ಎಂದು.

ಹುಬ್ಬಳ್ಳಿಯವನು ಮಾತ್ರ ಕೈ ಮುಗಿದ. "ಸರ್, ಬದುಕಿಸಿದ್ರಿ ನನ್ನ."

ಎರಡು ವಾರ ಕಳೆಯಿತು. ಮತ್ತೆ ಬಂದ. ಮುಖ ಸಪ್ಪಗಿತ್ತು.

"ಸರ್, ಯಾರೂ ಮಾತಾಡ್ಸವಲ್ರು. ಮೊದ್ಲ ಎಲ್ಲಾರೂ ಬೆನ್ನ ತಟ್ಟತಿದ್ರು. ನನ್ನ ಕಂಪ್ಯೂಟರ್ ಒಂದ ಸ್ವಲ್ಪ ಹೊತ್ತು ಬಿಟ್ಟು ಬಂದ್ ಮಾಡ್ಸಾಕ ಬರಂಗಿಲ್ಲೇನ್ರಿ?"

"ಇಲ್ಲ."

"ಹಂಗಾರ ನಾನಽ ಒಂದ ಮೇಲ್ ಹಾಕ್ಲೇನ್ರಿ, ಯಾರೋ ಹಾಕಿದಂಗ?"

ಅಲ್ಲಾಡುವ ಮೇಜು

ಬೇಸಿಗೆ ಬಂತು. ದೂರುಗಳು ನಿಂತವು. ನನಗೆ ಸಂಶಯ ಬಂತು. ಜರ್ಮನ್ನರು ದೂರುವುದನ್ನು ನಿಲ್ಲಿಸಿದರೆ ಏನೋ ಕಂಡುಹಿಡಿದಿದ್ದಾರೆ ಎಂದರ್ಥ.

ಒಂದು ಸೋಮವಾರ ನೋಡಿದೆ. ಹಿರಿಯ ತಂತ್ರಜ್ಞ ಶುಕ್ರವಾರದಿಂದ ಲಾಗಿನ್ ಆಗಿಯೇ ಇದ್ದ. ಶನಿವಾರ ಇದ್ದ. ಭಾನುವಾರ ಚರ್ಚಿನ ಹೊತ್ತಿನಲ್ಲೂ ಇದ್ದ. ಆ ಮನುಷ್ಯ ಶುಕ್ರವಾರ ಮಧ್ಯಾಹ್ನದ ಮೇಲೆ ಹಾಲ್‌ನಲ್ಲಿ ಕಂಡದ್ದನ್ನು ನಾನು ಕಾಣೆ.

ಹಾಲ್‌ಗೆ ಇಳಿದು ಹೋದೆ.

ನಮ್ಮಲ್ಲಿ ಒಂದು ಕಂಪನದ ಮೇಜು ಇದೆ. ವಾಲ್ವನ್ನು ಅದರ ಮೇಲೆ ಬಿಗಿದು ದಿನಗಟ್ಟಲೆ ಅಲ್ಲಾಡಿಸುತ್ತಾರೆ. ತಡೆದುಕೊಂಡರೆ ವಾಲ್ವ್ ಪಾಸು. ಆ ಮೇಜು ಅವನ ಹೆಮ್ಮೆ. ಅದರ ಮೇಲೆ ವಾಲ್ವಿನ ಪಕ್ಕದಲ್ಲಿ ಮೌಸ್ ಇತ್ತು. ಬೀಳದಿರಲಿ ಎಂದು ದಾರ ಕಟ್ಟಿದ್ದ, ಹಸುವನ್ನು ಗೂಟಕ್ಕೆ ಕಟ್ಟಿದ ಹಾಗೆ. ಅದು ಅಲ್ಲಿ ಮೂರು ದಿನದಿಂದ ಕುಣಿಯುತ್ತಿತ್ತು. ಅದರ ಗುಂಡಿ ತಾನೇ ಒತ್ತಿಕೊಂಡು ಪರದೆಯ ತುಂಬ ಕ್ಯಾಲ್ಕುಲೇಟರುಗಳು ತೆರೆದುಕೊಂಡಿದ್ದವು.

"ಇದೇನು?" ಎಂದೆ.

"ಅಲ್ಲಾಡಿಸಬೇಕು ಎಂದವರು ನೀವೇ. ನನ್ನ ಹತ್ತಿರ ಅಲ್ಲಾಡಿಸುವ ಯಂತ್ರ ಇದೆ."

"ತೆಗೆಯಿರಿ."

ತೆಗೆದ. ಮೌಸನ್ನು ತಿರುಗಿಸಿ ನೋಡಿದ. ವಾಲ್ವನ್ನು ನೋಡಿದ. ವಾಲ್ವಿನಲ್ಲಿ ಬಿರುಕು ಬಿಟ್ಟಿತ್ತು.

"ವಾಲ್ವ್ ಫೇಲ್," ಎಂದ. "ಮೌಸ್ ಪಾಸ್. ಪ್ರಮಾಣಪತ್ರ ಕೊಡಲೇ?"

ಮೌಸ್ ಪಾಳಿ

ಮೇಜಿನ ದಾರಿ ಮುಚ್ಚಿತು. ಅಧ್ಯಕ್ಷೆ ಹೊಸ ದಾರಿ ತೆರೆದರು.

ಒಂದು ದಿನ ಮಧ್ಯಾಹ್ನ ನನ್ನ ಕೋಣೆಗೆ ಬಂದು ಒಂದು ಹಾಳೆ ಇಟ್ಟರು. ಅಚ್ಚುಕಟ್ಟಾದ ಹಾಳೆ. ಬಣ್ಣದ ಕೋಷ್ಟಕ. ವಾರದ ದಿನಗಳು, ಹೆಸರುಗಳು. ಮೇಲೆ "ಮೌಸ್ ಪಾಳಿ" ಎಂದು ಬರೆದಿತ್ತು.

ವಿಷಯ ಇಷ್ಟು. ದಿನಕ್ಕೊಬ್ಬರು ಪಾಳಿಯಲ್ಲಿ ಹಾಲ್ ಸುತ್ತಬೇಕು. ಎಲ್ಲರ ಮೌಸ್‌ಗಳನ್ನು ಐದು ನಿಮಿಷ ಆಗುವ ಮೊದಲೇ ಅಲ್ಲಾಡಿಸಬೇಕು. ರಜೆ ಹೋದರೆ ಬದಲಿ ಯಾರು ಎಂದು ಬರೆದಿತ್ತು. ಬದಲಿಯವರಿಗೆ ಜ್ವರ ಬಂದರೆ ಯಾರು ಎಂದೂ ಬರೆದಿತ್ತು. ಎಡಗೈಯವರು ಮೌಸನ್ನು ಮೊದಲಿದ್ದ ಕಡೆಗೇ ಇಡಬೇಕು ಎಂಬ ಸೂಚನೆ ಕೂಡ.

ಓದಿದೆ.

"ಇದು ನನ್ನ ನಿಯಮ ಮುರಿಯುವ ಯೋಜನೆ," ಎಂದೆ.

"ಹೌದು."

"ನನ್ನ ಹತ್ತಿರ ಯಾಕೆ ತಂದಿರಿ?"

ಅವರಿಗೆ ಆಶ್ಚರ್ಯವಾಯಿತು. "ನಿಮ್ಮ ಸಹಿ ಇಲ್ಲದೆ ಜಾರಿ ಮಾಡುವುದು ಹೇಗೆ? ಕಂಪ್ಯೂಟರ್ ನಿಮ್ಮ ವಿಭಾಗ ಅಲ್ಲವೆ?"

ನಾನು ಸಹಿ ಹಾಕಲಿಲ್ಲ. ಸಹಿ ಇಲ್ಲದ್ದರಿಂದ ಅದು ಜಾರಿಯಾಗಲಿಲ್ಲ. ಇಲ್ಲಿಗೆ ಬಂದು ಇಷ್ಟು ಕಾಲವಾದರೂ ಈ ದೇಶದ ಮೇಲೆ ನನಗಿರುವ ಗೌರವ ಇಂಥ ಕಾರಣಕ್ಕೆ.

ಹುಬ್ಬಳ್ಳಿಯವನಿಗೆ ಹೇಳಿದೆ. ಅವನು ತಲೆ ಚಚ್ಚಿಕೊಂಡ.

"ಸರ್, ನಮ್ಮ ಕಡೆ ಆಗಿದ್ರ ಹಾಳಿನೂ ಇರತಿರಲಿಲ್ಲ, ಸಹಿನೂ ಇರತಿರಲಿಲ್ಲ. ಮೌಸ್ ಮಾತ್ರ ತಾನಽ ಅಲ್ಲಾಡತಿತ್ರಿ."

ಸೇವಂತಿಗೆ

ಶರತ್ಕಾಲ. ಆಡಿಟ್‌ಗೆ ಕೆಲವೇ ವಾರ ಉಳಿದಿದ್ದವು. ದೂರುಗಳು ಮಂಡಳಿಯ ಫೈಲ್‌ನಲ್ಲಿ ಇದ್ದವು, ಆದರೆ ಬೆಳೆದಿರಲಿಲ್ಲ. ಇನ್ನೊಂದು ಗದ್ದಲ ಆಗದಿದ್ದರೆ ಸಾಕು ಎಂದುಕೊಂಡಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಹಾಲ್‌ಗೆ ಕಾಲಿಟ್ಟೆ. ಎಲ್ಲರೂ ಸಾಲಾಗಿ ನಿಂತಿದ್ದರು. ಹಿರಿಯ ತಂತ್ರಜ್ಞ ಟೋಪಿ ತೆಗೆದು ಎದೆಗೆ ಹಿಡಿದಿದ್ದ.

ಎಲ್ಲ ಕಂಪ್ಯೂಟರುಗಳ ಪರದೆ ಕಪ್ಪಾಗಿತ್ತು. ಪ್ರತಿಯೊಂದರ ಮುಂದೆ ಸೇವಂತಿಗೆಯ ಒಂದು ಕುಂಡ. ಪಕ್ಕದಲ್ಲಿ ಮುಚ್ಚಳ ಇರುವ ಕೆಂಪು ದೀಪ. ಪರದೆಯ ನೆತ್ತಿಯಲ್ಲಿ ಕೆಂಪು ಬೊಟ್ಟು.

ಅಧ್ಯಕ್ಷೆ ನನ್ನನ್ನು ಪಕ್ಕಕ್ಕೆ ಕರೆದರು. ಕಣ್ಣು ಒದ್ದೆಯಾಗಿತ್ತು.

"ನಿಮ್ಮ ನಿಯಮದ ವಿರುದ್ಧ ನಿಮ್ಮ ದೇಶದವರೇ ಪ್ರತಿಭಟನೆ ಮಾಡಿದ್ದಾರೆ. ಇಷ್ಟು ಗಂಭೀರವಾದ ಪ್ರತಿಭಟನೆಯನ್ನು ನಾನು ನೋಡಿರಲಿಲ್ಲ. ಮಂಡಳಿ ಇಂದೇ ಸಭೆ ಸೇರುತ್ತದೆ. ನಿಯಮ ವಾಪಸಾಗಬಹುದು."

ನನಗೆ ಅರ್ಥವಾಯಿತು. ಹೇಳುವುದು ಹೇಗೆ ಎಂದು ಮಾತ್ರ ತಿಳಿಯಲಿಲ್ಲ.

ಈ ದೇಶದಲ್ಲಿ ಸೇವಂತಿಗೆ ಗೋರಿಯ ಹೂವು. ಮುಚ್ಚಳದ ಕೆಂಪು ದೀಪ ಗೋರಿಯ ದೀಪ. ಸತ್ತವರನ್ನು ನೆನೆಯುವ ಹಬ್ಬ ಹತ್ತಿರ ಬಂದಾಗ ಅಂಗಡಿಯ ತುಂಬ ಇವೆರಡೇ. ನಮ್ಮ ಹುಡುಗರು ಅದನ್ನು ನೋಡಿ ಕುಣಿದಿದ್ದರು.

ಇಬ್ಬರನ್ನೂ ಕರೆಸಿದೆ.

"ಏನಿದು?"

"ಆಯುಧಪೂಜೆ ಸರ್!" ಎಂದ ಮದುಮಗ. "ಶುಕ್ರವಾರ ಎಲ್ಲರೂ ಹೋದ ಮೇಲೆ ಮಾಡಿದ್ವಿ. ನೀವಾಗಲೇ ಮನೆಗೆ ಹೋಗಿದ್ರಿ. ಸೇವಂತಿಗೆ ಎಷ್ಟು ಚೆನ್ನಾಗಿ ಸಿಗುತ್ತೆ ಸರ್ ಇಲ್ಲಿ! ದೀಪವೂ ಬ್ಯಾಟರಿಯದು, ಬೆಂಕಿಯ ಭಯ ಇಲ್ಲ."

"ನಾ ಹೇಳಿದ್ದೆ ಸರ್ ಇವಗ, ಚೆಂಡು ಹೂವು ನೋಡು ಅಂತ," ಎಂದ ಹುಬ್ಬಳ್ಳಿಯವನು.

"ನೀನೇ ತಾನೆ ದೀಪ ತಂದಿದ್ದು, ಗುರು?"

"ಆಫರ್‌ನಾಗ ಇತ್ತು!"

ಅವರನ್ನು ಅಧ್ಯಕ್ಷೆಯ ಮುಂದೆ ನಿಲ್ಲಿಸಿದೆ. "ಇದು ಗೋರಿ ಅಲ್ಲ. ಪೂಜೆ. ಅನ್ನ ಕೊಡುವ ಉಪಕರಣಕ್ಕೆ ವರ್ಷಕ್ಕೊಮ್ಮೆ ಕೃತಜ್ಞತೆ," ಎಂದೆ. ಆ ವರ್ಷ ನಾನಾಡಿದ ಎಲ್ಲಕ್ಕಿಂತ ಉದ್ದದ ಮಾತು ಅದು.

ಅಧ್ಯಕ್ಷೆ ಹೂವು ನೋಡಿದರು. "ಹಾಗಾದರೆ ಪ್ರತಿಭಟನೆ ಅಲ್ಲ?"

"ಅಲ್ಲ."

"ಐದೈದು ನಿಮಿಷಕ್ಕೆ ನಿಮ್ಮನ್ನು ಹೊರಗೆ ಹಾಕುವ ಯಂತ್ರಕ್ಕೆ ಕೃತಜ್ಞತೆಯೆ?"

ಹುಬ್ಬಳ್ಳಿಯವನು ತನ್ನ ಹರಕು ಜರ್ಮನ್‌ನಲ್ಲಿ ಉತ್ತರಿಸಿದ. "ಅದಕ್ಕೇ ಪೂಜೆ. ಇನ್ನು ಮುಂದೆ ಹಾಕಬೇಡ ಎಂದು."

ಸಭೆ ರದ್ದಾಯಿತು. ನಿಯಮ ಉಳಿಯಿತು. ಹಿರಿಯ ತಂತ್ರಜ್ಞ ಮಾತ್ರ ತನ್ನ ಕಂಪ್ಯೂಟರಿನ ಮುಂದಿನ ದೀಪ ತೆಗೆಯಲು ಬಿಡಲಿಲ್ಲ. ಆ ಯಂತ್ರ ತನ್ನ ಪಾಲಿಗೆ ಎಂದೋ ಸತ್ತಿದೆ ಎಂದ.

ಆಡಿಟ್ ದಿನ

ಆಡಿಟರ್ ಬಂದರು. ಅದೇ ತೆಳ್ಳಗಿನ ಹೆಂಗಸು. ವರ್ಷ ಕಳೆದರೂ ನಗುವುದನ್ನು ಕಲಿತಿರಲಿಲ್ಲ. ಮದುಮಗನನ್ನು ಗುರುತು ಹಿಡಿದರು.

"ಇವತ್ತು ಇಲ್ಲಿಯೇ ಇದ್ದೀರಲ್ಲ. ಸಂತೋಷ."

ಒಂದೊಂದೇ ಕಂಪ್ಯೂಟರ್ ಮುಂದೆ ನಿಂತರು. ಖಾಲಿ ಕುರ್ಚಿಗಳ ಮುಂದೆಲ್ಲ ಲಾಗಾಫ್ ಆದ ಪರದೆ. ಒಂದು ಕಡೆ "ಇನ್ನೂ ಇದ್ದೀರಾ?" ಎಂದು ಬಂತು. ಹಾಲ್‌ನ ಆ ತುದಿಯಿಂದ "ಯಾ!" ಎಂಬ ಕೂಗು ಕೇಳಿಸಿತು.

"ಯಾರಿಗೆ ಹೇಳುತ್ತಿದ್ದಾರೆ?" ಎಂದು ಆಡಿಟರ್ ಕೇಳಿದರು.

"ಕಂಪ್ಯೂಟರಿಗೆ," ಎಂದೆ.

ಕಂಪ್ಯೂಟರ್ ಲಾಗಾಫ್ ಆಯಿತು. ಆಕೆ ಏನೋ ಬರೆದುಕೊಂಡರು.

ಉಳಿದದ್ದು ಕೊನೆಯ ಕಂಪ್ಯೂಟರ್. ಕಂಪನದ ಮೇಜಿನ ಪಕ್ಕದ್ದು. ಹುಬ್ಬಳ್ಳಿಯವನ ಹೆಸರಿನಲ್ಲಿ ತೆರೆದಿತ್ತು. ಅವನು ಆಗ ತಾನೇ ಎದ್ದಿದ್ದ.

"ಇದನ್ನು ಕಾದು ನೋಡೋಣ," ಎಂದು ಆಡಿಟರ್ ಕೈ ಕಟ್ಟಿ ನಿಂತರು.

ನಾವೆಲ್ಲರೂ ನಿಂತೆವು. ಐದು ನಿಮಿಷ ಕಳೆಯಿತು. ಪ್ರಶ್ನೆ ಬರಲಿಲ್ಲ. ಇನ್ನಷ್ಟು ಹೊತ್ತು ಕಳೆಯಿತು. ಬರಲಿಲ್ಲ. ಮುಖ್ಯಸ್ಥ ಕರವಸ್ತ್ರ ತೆಗೆದ. ಆಡಿಟರ್ ಪೆನ್ ತೆಗೆದರು.

ನಾನು ಮೌಸ್ ನೋಡಿದೆ. ಅದು ನಡುಗುತ್ತಿತ್ತು. ಪಕ್ಕದ ಕಂಪನದ ಮೇಜು ಪೂರ್ತಿ ವೇಗದಲ್ಲಿ ಓಡುತ್ತಿತ್ತು. ನೆಲ ನಡುಗಿ, ಕಂಪ್ಯೂಟರ್ ಇಟ್ಟ ಮೇಜು ನಡುಗಿ, ಮೌಸ್ ಕೂದಲೆಳೆಯಷ್ಟು ಸರಿಯುತ್ತಿತ್ತು. ಕಂಪ್ಯೂಟರ್ ಯಾರೋ ಇದ್ದಾರೆ ಎಂದೇ ನಂಬಿತ್ತು.

ಆಡಿಟರ್ ಎದುರಿಗೆ ನಾನು ಕೀಲಿಮಣೆ ಮುಟ್ಟುವಂತಿಲ್ಲ. ಮದುಮಗ ಕಂಪನದ ಮೇಜಿನ ಗುಂಡಿಯ ಹತ್ತಿರ ನಿಂತಿದ್ದ. ನಾನು ಕನ್ನಡದಲ್ಲಿ ಕೂಗಿದೆ:

"ಲೋ! ಆ ಮೇಜು ನಿಲ್ಲಿಸೋ!"

ಹಾಲ್‌ನವರು ನನ್ನ ಅಷ್ಟು ದೊಡ್ಡ ದನಿಯನ್ನು ಎಂದೂ ಕೇಳಿರಲಿಲ್ಲ. ಹಿರಿಯ ತಂತ್ರಜ್ಞ ಬೆಚ್ಚಿ ಸ್ಪ್ಯಾನರ್ ಬೀಳಿಸಿದ. ಮದುಮಗ ಗುಂಡಿ ಒತ್ತಿದ. ಮೇಜು ನಿಂತಿತು.

"ಏನು ಹೇಳಿದಿರಿ?" ಎಂದು ಆಡಿಟರ್ ನನ್ನ ಕಡೆ ತಿರುಗಿದರು.

"ಮೇಜು ನಿಲ್ಲಿಸು ಎಂದೆ. ಮೌಸ್ ಅಲ್ಲಾಡುತ್ತಿತ್ತು."

ಆಕೆ ಬಗ್ಗಿ ಮೌಸ್ ನೋಡಿದರು. ಮೇಜು ನೋಡಿದರು. ಮತ್ತೆ ಕಾದರು. ಈ ಸಲ ಪ್ರಶ್ನೆ ಬಂತು. ಲಾಗಾಫ್ ಆಯಿತು. "ಈ ಕಂಪ್ಯೂಟರನ್ನು ಇಲ್ಲಿಂದ ದೂರ ಇಡಿ," ಎಂದು ಬರೆದುಕೊಂಡರು. "ತೀರ್ಮಾನ ಕೊನೆಗೆ ಹೇಳುತ್ತೇನೆ. ಇನ್ನು ಪ್ರಶ್ನೆಗಳು."

ಎಲ್ಲರೂ ಸಭೆಯ ಕೋಣೆಗೆ ಹೋದೆವು. ಅಲ್ಲಿಯ ಕಂಪ್ಯೂಟರ್ ಕೂಡ ಎಲ್ಲರಿಗೂ ಸೇರಿದ್ದು. ನಾನು ನನ್ನ ಹೆಸರಿನಲ್ಲಿ ಲಾಗಿನ್ ಆದೆ. ನಿಯಮಗಳ ಪಟ್ಟಿಯನ್ನು ಗೋಡೆಯ ದೊಡ್ಡ ಪರದೆಗೆ ಹಾಕಿದೆ. ಪರದೆಗೆ ಬೆನ್ನು ಹಾಕಿ ನಿಂತೆ. ಮೊದಲು ಮುಖ್ಯಸ್ಥ ಮಾತಾಡಿದ. ಆಮೇಲೆ ಅಧ್ಯಕ್ಷೆ ಮಾತಾಡಿದರು, ನಿಯಮದ ಪರವಾಗಿ. ನನಗೆ ಆಶ್ಚರ್ಯ. ಮದುಮಗ, ಹುಬ್ಬಳ್ಳಿಯವನು ಬಾಗಿಲ ಬಳಿ ನಿಂತಿದ್ದರು.

ಆಡಿಟರ್ ನನ್ನನ್ನು ನೋಡಿದರು.

"ಒಂದೇ ಪ್ರಶ್ನೆ. ಮುಖ್ಯವಾದ ಕೆಲಸದ ನಡುವೆ ಇದು ಯಾರನ್ನಾದರೂ ಹೊರಗೆ ಹಾಕದೆ ಬಿಡುತ್ತದೆಯೆ? ಮುಖ್ಯಸ್ಥರಿಗೆ, ನಿಮಗೆ, ಯಾರಿಗಾದರೂ ವಿನಾಯಿತಿ ಇದೆಯೆ?"

ಒಳ್ಳೆಯ ಪ್ರಶ್ನೆ. ನಾನು ಯೋಚಿಸಿದೆ. ನಾನು ಯೋಚಿಸುವಾಗ ಅಲ್ಲಾಡುವುದಿಲ್ಲ. ಎಲ್ಲ ಕಂಪ್ಯೂಟರುಗಳನ್ನೂ ಮನಸ್ಸಿನಲ್ಲೇ ಒಂದು ಸುತ್ತು ಹಾಕಿದೆ. ತಪ್ಪು ಹೇಳಬಾರದಲ್ಲ.

ಎಲ್ಲರ ಕಣ್ಣೂ ನನ್ನ ತಲೆಯ ಮೇಲಕ್ಕೆ ಹೋದವು. ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ ಎಂದುಕೊಂಡೆ. ಹುಬ್ಬಳ್ಳಿಯವನು ಕೈಸನ್ನೆ ಮಾಡಿದ. ಬೇಗ ಹೇಳಿ ಎನ್ನುತ್ತಿದ್ದಾನೆ ಎಂದುಕೊಂಡೆ. ನಾನು ಅವಸರದ ಮನುಷ್ಯನಲ್ಲ.

"ಸರ್," ಎಂದು ಅವನು ಪಿಸುಗುಟ್ಟಿದ. "ಹಿಂದ ನೋಡ್ರಿ. ನಿಮ್ಮನ್ನ ಕೇಳಾಕತ್ತದ."

ತಿರುಗಿ ನೋಡಿದೆ. ಗೋಡೆಯಷ್ಟು ದೊಡ್ಡ ಅಕ್ಷರಗಳಲ್ಲಿ ಇತ್ತು: "ಇನ್ನೂ ಇದ್ದೀರಾ?"

ಬಾಯಿ ತೆರೆದೆ. ಪರದೆ ಕಪ್ಪಾಯಿತು. ನನ್ನ ಸಭೆಯಿಂದ ನನ್ನ ನಿಯಮವೇ ನನ್ನನ್ನು ಹೊರಗೆ ಹಾಕಿತ್ತು.

"ಯಾರಿಗೂ ಇಲ್ಲ," ಎಂದೆ.

ಆಡಿಟರ್ ನಕ್ಕರು. ಮೊದಲು ಭುಜ ಅಲ್ಲಾಡಿತು. ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಲ್ಲಿ ಕೂತವರೆಲ್ಲ ನಕ್ಕರು. ಹಿರಿಯ ತಂತ್ರಜ್ಞ ಮೇಜು ಗುದ್ದಿ ಹೇಳಿದ: "ನನ್ನ ಹಾಗೆ ಕೂಗಿ ಹೇಳಬೇಕಿತ್ತು!"

ಮಾನ್ಯತೆ ಉಳಿಯಿತು. ಹಾಲ್ ಉಳಿಯಿತು. ಹುಡುಗರ ವೀಸಾ ಉಳಿಯಿತು. ಅಂದು ಸಂಜೆಯೇ ಎಲ್ಲರಿಗೂ ಒಂದು ಮೇಲ್ ಬಂತು, ಹುಬ್ಬಳ್ಳಿಯವನದು. ನಾಳೆ ಶಿರಾ. ಈ ಸಲ ಅವನೇ ಬರೆದದ್ದು. ಅದನ್ನು ಯಾರೂ ನಂಬಲಿಲ್ಲ.

ಮನೆಗೆ ಹೋದೆ. ಹೆಂಡತಿ ಒಲೆಯ ಮುಂದೆ ನಿಂತಿದ್ದಳು.

"ಏನಾಯ್ತು ರೀ?"

"ಪಾಸಾಯಿತು."

"ಅಷ್ಟೇನಾ?"

ಅವಳ ಒತ್ತಾಯಕ್ಕೆ ನಡೆದದ್ದನ್ನು ಹೇಳಿದೆ. ನಗುತ್ತಾ ಸೌಟು ಕೆಳಗಿಟ್ಟಳು.

"ಇನ್ನೂ ಇದ್ದೀರಾ? ಅದು ನನ್ನ ಮಾತಲ್ವಾ? ಫೋನಲ್ಲಿ ನಾನು ಮಾತಾಡಿ ಮಾತಾಡಿ, ಆ ಕಡೆಯಿಂದ ಸದ್ದೇ ಇಲ್ಲ ಅಂತ ಕೇಳೋದು! ನನ್ನ ಮಾತು ಕದ್ದು ಮಿಷನ್‌ಗೆ ಕಲಿಸಿದ್ದೀರಾ?"

"ಹೂಂ."

"ಅದು ಐದೇ ನಿಮಿಷ ಕಾದು ನಿಮ್ಮನ್ನ ಆಚೆ ಹಾಕ್ತು. ನಾನು ಮದುವೆಯಾದಾಗಿನಿಂದ ಕಾಯ್ತಾ ಇದ್ದೀನಲ್ಲ, ನಾನೇನು ಮಾಡಬೇಕು ಹೇಳಿ?"

ಒಳ್ಳೆಯ ಪ್ರಶ್ನೆ. ಯೋಚಿಸಿದೆ. ಸರಿಯಾದ ಉತ್ತರ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಸಿಕ್ಕಿತು. ತಲೆ ಎತ್ತಿದೆ.

ಅವಳು ಅಡುಗೆಮನೆಯ ದೀಪ ಆರಿಸಿ ಹೋಗಿದ್ದಳು.